ಎಲಿ, ತಂಬಾಕ, ದಾರ

ಮಂಗಳವಾರ ಬಜಾರದಾಗ ಗುಜರಿ ಶೇಖಲಾಲ
ತೂಕಕ್ಕ ಹಾಕಿ ಕೊಟ್ಟ:
ಡಬ್ಬಿ ಒಂದು, ಕರೀ ತಟ್ಟಿ ಹದಿನೇಳು.
"ಅಮೇರಿಕಾದ್ದು, ಭಾಬಿ. ಹಾಡೂ ಇಲ್ಲ, ಮಾತೂ ಇಲ್ಲ.
ಯಾರೂ ಒಯ್ಯಂಗಿಲ್ಲ" ಅಂದ.
ಇವ್ರು ಒಯ್ದರು.

ಕುಂಭಾರಿ ಘರಕುಲದಾಗ ನಮ್ಮವು ಎರಡು ಖೋಲಿ,
ಮ್ಯಾಲ ಮಾಳಿಗಿ ಕಾದ ಹಂಚು.
ಡಬ್ಬಿದು ಪಟ್ಟಾ ಹರದಿತ್ತು. ಹೊಲಿಗಿ ಮಶಿನ್ನಿಂದು ಕೊಯ್ದು ಹಾಕಿ
ಮುಳ್ಳು ಇಳಿಸಿದರು.
ಮೊದಲ ಚಟಪಟ, ಎಣ್ಣ್ಯಾಗ ಸಾಸಿವಿ ಬಿದ್ದಂಗ.
ಆಮ್ಯಾಲ
ಯಾರೋ ನಲವತ್ತು ಮಂದಿ ಒಮ್ಮಿಗೇ ಉಸರ ತಗೊಂಡರು.

ಪಾಕೀಟಿನ ಮ್ಯಾಲ ಒಬ್ಬಾಕಿ,
ಹಸರ ರೇಶ್ಮಿ, ಬತ್ತಲ ಭುಜ, ಮುತ್ತಿನ ಸರ,
ಬಳ್ಳಾಗ ಸಿಗರೇಟು.
ನಾ ಮೊದಲ ನೋಡಿದ್ದು ಸಿಗರೇಟೇ.
ದಾರ ಇಲ್ಲ. ತುದಿ ಮಡಚಿಲ್ಲ.
ನಮ್ಮ ಕಾರಖಾನಕ್ಕ ಒಯ್ದರ ಛಾಟ, ಸೀದಾ ಬುಟ್ಟಿಗೆ.

ಬಾಜೂಮನಿ ಮಹಾನಂದಾ ಇಂಗ್ರಜಿ ಓದಿ ಹೇಳಿದಳು:
"ಅತ್ತೀ, ಇದು ಮಂದಿ ಉಣ್ಣುವಾಗ ಹಿಂದ ಹಚ್ಚೂದಂತ.
ಕಿವಿಗೊಟ್ಟು ಕೇಳೂದಲ್ಲಂತ."

ಇದೊಳ್ಳೆ ಆತು.
ನಲವತ್ತು ಮಂದಿ ಕೋಟು ಹಾಕ್ಕೊಂಡು ಕುಂತು
ಕೇಳಬಾರದಂಗ ಬಾರಿಸ್ಯಾರ,
ಒಂದು ಚಮಚದ ಸಪ್ಪಳಕ್ಕೂ ಅಡ್ಡ ಬರಲಾರದಂಗ.
ಎಷ್ಟು ಕಲಿತಿರಬೇಕು ಅದಕ್ಕ!
ಆ ಮಂದಿ ಉಂಡು, ಎದ್ದು ಹೋಗಿ,
ಭಾಂಡೇ ತೊಳದು ಬೋರಲ ಹಾಕಿ
ಅರವತ್ತು ವರ್ಷ ಆದ ಮ್ಯಾಲ
ಈಗ ನಾವು ಕೇಳ್ತೀವಿ.

ನಮ್ಮ ಹಾಡಿಗೆಲ್ಲಾ ಕೆಲಸ ಅದ.
ಬೀಸಾಕ ಒಂದು, ತೊಟ್ಟಿಲಕ್ಕ ಒಂದು, ಹೆಣ ಎತ್ತುವಾಗ ಒಂದು.
ಇದಕ್ಕೇನೂ ಇಲ್ಲ.
ಹಬ್ಬದ ಮರುದಿನದ ಹುಡುಗರಂಗ ಸುಮ್ನ ಅಡ್ಡಾಡ್ತದ.

ಒಂದು ತಟ್ಟಿ ಅದ, ಮೂರ ಹೆಜ್ಜೀದು.
ಧಪ್ಪಂತ ಒಂದು, ಆಮ್ಯಾಲ ಹಗೂರಕ ಎರಡು.
ನನ್ನ ಬಳ್ಳು ನನ್ನ ಕೇಳದ ಹಿಡಕೊಂಡವು:
ಎಲಿ, ತಂಬಾಕ, ದಾರ.
ಎಲಿ, ತಂಬಾಕ, ದಾರ.
ಐದಕ್ಕ ಮುಗಿಯೂ ಸಾವಿರ ಬೀಡಿ
ಅವತ್ತು ನಾಕೂವರಿಗೇ ಮುಗದ್ವು.
ಬೆನ್ನ ನೋಯಲಿಲ್ಲಂತ ಹೇಳಂಗಿಲ್ಲ. ನೋಯ್ತು.
ಕುಣಕೋತ ನೋಯ್ತು.

ಇನ್ನೊಂದರಾಗ ಗೆಜ್ಜಿ. ಎತ್ತಿನವು, ಅಂದೆ.
"ಅಲ್ಲತ್ತೀ, ಬರ್ಫದಾಗ ಕುದರಿ" ಚಿತ್ರ ತೋರಿಸಿದಳು ಮಹಾನಂದಾ.
ಹೊರಗ ನಾಲ್ವತ್ನಾಕು ಡಿಗ್ರಿ.
ಕುದರಿ ಪಾಪ, ಖೋಲಿ ಸುತ್ತ ತಿರುಗಿ ತಿರುಗಿ
ನೀರಿನ ಕೊಡದ ಹತ್ತೇಕ ಬಂದು ನಿಂತಂಗ ಆತು.

ಇವ್ರಿಗೆ ಪಿಟೀಲು ಕೇಳ್ಸಂಗಿಲ್ಲ.
ಗಿರಣಿ ಭೋಂಗಾ ನಿಂತ ಮ್ಯಾಲ ಪಾವರಲೂಮ್,
ಮೂವತ್ತೊಂದು ವರ್ಷ ಚಾದರ ನೇಯ್ದು
ಕಿವಿಯಾಗ ಮ್ಯಾಲಿನ ಖಣ ಎಲ್ಲಾ ಖಾಲಿ.
ದಪ್ಪ ದನಿ ಅಷ್ಟೇ ಉಳದಾವ.
ಅದಕ್ಕ ಡಬ್ಬಿ ಮ್ಯಾಲ ಅಂಗೈ ಊರಿ ಕೂಡ್ತಾರ.
"ಈಗ ಮ್ಯಾಲ ಏನ ನಡದದ?"
"ಪಿಟೀಲು ಹೊಂಟಾವ."
"ಎಲ್ಲಿಗೆ?"
"ಎಲ್ಲಿಗೂ ಇಲ್ಲ. ಹಗ್ಗದ ಮ್ಯಾಲ ಒಗದ ಸೀರಿ ಹೊಂಟಂಗ. ಗಾಳಿ ಅದ."
ತಲಿ ಹಾಕ್ತಾರ, ಕೇಳ್ಸಿದವರಂಗ.

ಒಂದ ರಾತ್ರಿ ಲೈಟು ಹೋದಾಗ
ಬ್ಯಾಟರಿ ಹಿಡದು ತಟ್ಟಿ ನೋಡಿದರು ಭಾಳ ಹೊತ್ತು.
"ಏ ಭೌರವ್ವಾ, ಇದರಾಗ ಹಾಸು ಇಲ್ಲ. ಬರೇ ಹೊಕ್ಕು.
ಹೊರಗಿಂದ ನಡಬರಕತನಕ ಒಂದ ಎಳಿ,
ಎಲ್ಲೂ ಗಂಟು ಹಾಕಿಲ್ಲ."
ಆ ದನಿಯಾಗ ಹೊಟ್ಟಿಕಿಚ್ಚಿತ್ತು.
ಮಾಲಕನ ಬಂಗಲೆ ನೋಡಿದಾಗೂ
ನಾ ಕೇಳಿದ್ದಿಲ್ಲ ಅಂಥಾದ್ದು.

ಬಾಜಿ ಮುಗೀತದ. ಮುಳ್ಳು ಒಳಗಿನ ಸುತ್ತಿನಾಗ
ಖಸ್, ಖಸ್.
ನನ್ನ ಗ್ಯಾನ ಎಲಿ ಮ್ಯಾಲ. ನನಗೇ ಕೇಳ್ಸಿರಂಗಿಲ್ಲ.
ಇವ್ರು ಮಾತ್ರ ಆಗಲೇ ಎದ್ದಾರ,
ಲುಂಗಿ ಸಾವರಿಸಿಕೋತ,
ಆರನೇ ಮಗ್ಗಕ್ಕ ಎಳಿ ಹರದದ ಅಂತ ಓಡೂವಂಗ.

ತಟ್ಟಿ ಹೊರಳಸ್ತಾರ.
ನನ್ನ ಎಣಿಕಿ ತಪ್ಪೇದ.
ಆರ್ನೂರೋ ಏಳ್ನೂರೋ,
ನಾಳಿ ಕಾರಖಾನದಾಗ ಎಣಿಸ್ತಾರ ಬಿಡು.